ಫರ್ದರ್ ಮ್ಯಾತ್ಸ್ ತಗೊಳ್ಳಲೇಬೇಕಾ ಅಕ್ಕಾ?

ಇಂಗ್ಲೆಂಡಿನ ಒಂದು ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿ, ಅಂದರೆ ನಮ್ಮ ಪಿಯುಸಿ ಥರ ಎರಡು ವರ್ಷದ ಎ ಲೆವೆಲ್ ಓದುವ ಕಾಲೇಜಿನಲ್ಲಿ, ನಾನು ಲೆಕ್ಕ ಕಲಿಸುತ್ತೇನೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಇಲ್ಲಿನ ಕನ್ನಡದವರು ಸೇರಿದಾಗ ಊಟದ ತಟ್ಟೆ ಹಿಡಿದೇ ಯಾರಾದರೂ ಬಂದು ಕೇಳುತ್ತಾರೆ: "ಅಕ್ಕಾ, ಮಗ ಎ ಲೆವೆಲ್‌ಗೆ ಮ್ಯಾತ್ಸ್ ತಗೊಳ್ತಿದ್ದಾನೆ. ಫರ್ದರ್ ಮ್ಯಾತ್ಸೂ ತಗೊಳ್ಳಲೇಬೇಕಾ? ಕಾಂಪ್ಲೆಕ್ಸ್ ನಂಬರ್, ಮ್ಯಾಟ್ರಿಕ್ಸ್ ತಾನೇ, ನಾವೆಲ್ಲ ಪಿಯುಸಿಯಲ್ಲೇ ಮಾಡಿಲ್ವಾ?"

ಮಾಡಿದ್ದೇವೆ, ನಿಜ. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡವರೆಲ್ಲ ಓದುವ ಆ ಪಾಠಗಳು ಇಲ್ಲಿ ಮಾಮೂಲಿ ಎ ಲೆವೆಲ್ ಗಣಿತದಲ್ಲಿ ಇಲ್ಲ. ಅವು ಫರ್ದರ್ ಮ್ಯಾತ್ಸ್ ಎಂಬ ಬೇರೆ ವಿಷಯಕ್ಕೆ ಸೇರಿವೆ. ಅದರಲ್ಲಿ ಅರ್ಧ ಭಾಗ ಎಲ್ಲರಿಗೂ ಒಂದೇ. ಉಳಿದರ್ಧಕ್ಕೆ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಡಿಸಿಷನ್ ಮ್ಯಾತ್ಸ್ (ಹತ್ತಿರದ ದಾರಿ ಹುಡುಕುವಂಥ ಲೆಕ್ಕ), ಇನ್ನಷ್ಟು ಪ್ಯೂರ್ ಅಂದರೆ ಶುದ್ಧ ಗಣಿತ, ಹೀಗೆ ಕಾಲೇಜು ಕಲಿಸುವುದರಲ್ಲಿ ಆರಿಸಿಕೊಳ್ಳಬೇಕು.

ಆದರೆ ಪಾಠದ ಹೆಸರು ಒಂದೇ ಅಂತ ಓದೂ ಒಂದೇ ಅಲ್ಲ. ಕಾಂಪ್ಲೆಕ್ಸ್ ನಂಬರಿನ ಪಾಠದಲ್ಲಿ ಬರುವ ಐ (i) ಅನ್ನುವ ಸಂಖ್ಯೆಯ ಸ್ಕ್ವೇರ್ ಅಂದರೆ ಮೈನಸ್ ಒಂದು ಅಂತ ನಾನು ತುಮಕೂರಿನಲ್ಲಿ ಬಾಯಿಪಾಠ ಮಾಡಿದ್ದೆ. ಯಾಕೆ ಅಂತ ಕೇಳಿರಲೇ ಇಲ್ಲ. ಹೋದ ವರ್ಷ ಕ್ಲಾಸಿನಲ್ಲಿ ಒಬ್ಬ ಹುಡುಗಿ ಒಂದು ಮ್ಯಾಟ್ರಿಕ್ಸ್ ಬರೆದುಕೊಂಡು ಕೂತಿದ್ದಳು. ಮೇಲಿನ ಸಾಲಿನಲ್ಲಿ 0, −1. ಕೆಳಗೆ 1, 0. ಇದು ಚಿತ್ರವನ್ನು 90 ಡಿಗ್ರಿ ತಿರುಗಿಸುತ್ತದೆ. ಅದನ್ನು ಅದರಿಂದಲೇ ಗುಣಿಸಿದಳು. ಮೇಲೆ −1, 0. ಕೆಳಗೆ 0, −1. ಅಂದರೆ ಮೈನಸ್ ಒಂದರಿಂದ ಗುಣಿಸಿದ ಹಾಗೆಯೇ. ಪೆನ್ನು ಕೆಳಗಿಟ್ಟು ಪುಸ್ತಕವನ್ನು ಒಂದು ಸಲ ಕಾಲು ಸುತ್ತು ತಿರುಗಿಸಿದಳು, ಮತ್ತೊಂದು ಸಲ ತಿರುಗಿಸಿದಳು. ಬರೆದದ್ದು ತಲೆಕೆಳಗಾಯಿತು. "ಮಿಸ್, ಇದೇ ಐ ಅಲ್ವಾ?" ಅಂದಳು. ಹೌದು, ಅದೇ ಐ. ಎರಡು ಸಲ ಕಾಲು ಸುತ್ತು ತಿರುಗಿದರೆ ಮೈನಸ್ ಒಂದು. ಇಷ್ಟು ವರ್ಷ ಪಾಠ ಮಾಡಿಯೂ ಅವತ್ತು ನನಗೆ ಮೈ ಜುಮ್ಮೆಂದಿತು.

ಹಾಗಾಗಿ ನನ್ನ ಉತ್ತರ ಇದು. ಮೆಡಿಸಿನ್‌ಗೆ ಹೋಗುವ ಮಗುವಿಗೆ ಫರ್ದರ್ ಮ್ಯಾತ್ಸ್ ಬೇಕಿಲ್ಲ. ಎಂಜಿನಿಯರಿಂಗ್‌ಗೆ ಒಳ್ಳೆಯದು, ಆದರೆ ಅದಿಲ್ಲದೆಯೂ ತುಂಬಾ ಕಡೆ ಸೀಟು ಸಿಗುತ್ತದೆ. ಕೇಂಬ್ರಿಡ್ಜ್‌ನಲ್ಲಿ ಗಣಿತವನ್ನೇ ಓದಬೇಕು ಅಂದರೆ ಕೇಳುತ್ತಾರೆ, ಜೊತೆಗೆ ಸ್ಟೆಪ್ ಅನ್ನುವ ಪರೀಕ್ಷೆಯೂ ಇದೆ. ಇದಕ್ಕಿಂತ ಮುಖ್ಯವಾದದ್ದನ್ನು ಮನೆಯಲ್ಲೇ ನೋಡಬಹುದು. ಲೆಕ್ಕ ಬರದಿದ್ದಾಗ ಮಗು ಏನು ಮಾಡುತ್ತದೆ? ಉತ್ತರ ತಿರುವಿ ನೋಡಿ ಮುಂದಕ್ಕೆ ಹೋಗುತ್ತದಾ, ಊಟಕ್ಕೆ ಕರೆದರೂ "ಇರಮ್ಮ, ಒಂದ್ನಿಮಿಷ" ಅಂತ ಕೂತಿರುತ್ತದಾ? ಕೂರುವ ಮಗುವಾದರೆ ಧೈರ್ಯವಾಗಿ ಸೇರಿಸಿ. ಪಕ್ಕದ ಮನೆಯವರ ಮಗ ತಗೊಂಡ ಅಂತ ಸುಮ್ನೆ ಸೇರಿಸಬೇಡಿ. ಬೇರೆ ಮಕ್ಕಳು ಮೂರು ವಿಷಯ ಓದುವಾಗ ಇವರು ಸಾಮಾನ್ಯವಾಗಿ ನಾಲ್ಕು ಓದುತ್ತಾರೆ. ಅದರಲ್ಲಿ ಎರಡು ಲೆಕ್ಕವೇ. ಇಷ್ಟವಿಲ್ಲದವರಿಗೆ ಅದು ಎರಡು ವರ್ಷದ ಸಂಕಟ.

ಗೊಂದಲವಿದ್ದರೆ ಸೆಪ್ಟೆಂಬರಿನಲ್ಲಿ ಸೇರಿಸಿ ನೋಡಿ. ಆಗದಿದ್ದರೆ ಮೊದಲ ವರ್ಷದಲ್ಲೇ ಬಿಡಬಹುದು, ಮೂರು ವಿಷಯ ಉಳಿಯುತ್ತವೆ, ಯೂನಿವರ್ಸಿಟಿಗೆ ಸಾಮಾನ್ಯವಾಗಿ ಅಷ್ಟು ಸಾಕು. ಡಿಸೆಂಬರಿನಲ್ಲಿ ಬಂದು "ಈಗ ಸೇರಿಸ್ಕೊಳ್ಳಿ ಅಕ್ಕಾ" ಅಂದರೆ ಮಾತ್ರ ಕಷ್ಟ. ಅಷ್ಟು ಹೊತ್ತಿಗೆ ಪಾಠ ತುಂಬಾ ಮುಂದೆ ಹೋಗಿರುತ್ತದೆ.