ಗುಳ್ಳೆ ಎದ್ದ ಬಾಗಿಲಿಗೆ ಬರೀ ಪುಟ್ಟಿ ಸಾಲದು

ಮಂಗಳೂರಿನಲ್ಲಿ ನನ್ನದು ಟಿಂಕರಿಂಗ್ ಕೆಲಸ. ಮಳೆಗಾಲ ಮುಗಿದರೆ ಸಾಕು, ಹಳೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಶೆಡ್ಡಿಗೆ ಬರುತ್ತವೆ. “ಬಾಗಿಲ ಕೆಳಗೆ ಸ್ವಲ್ಪ ಗುಳ್ಳೆ ಎದ್ದಿದೆ, ಪುಟ್ಟಿ ಹಚ್ಚಿ ಪೇಂಟ್ ಹೊಡೆದುಬಿಡಿ” ಅಂತಾರೆ ಓನರ್. ನಾನು ಒಪ್ಪುವುದಿಲ್ಲ.

ಬಾಗಿಲಿನ ತುಕ್ಕು ಹೆಚ್ಚಾಗಿ ಒಳಗಿನಿಂದ ಬರುತ್ತದೆ. ಗ್ಲಾಸಿನ ಪಕ್ಕದ ಸಂದಿಯಿಂದ ಮಳೆನೀರು ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲಿ ಅಂತಲೇ ಬಾಗಿಲ ತಳದಲ್ಲಿ ತೂತು ಇರುವುದು. ಧೂಳು, ಕಸ ಸೇರಿ ತೂತು ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ. ಹೊರಗಿನ ಶೀಟನ್ನು ಒಳಗಿನದಕ್ಕೆ ಮಡಚಿ ಕೂರಿಸಿದ ಅಂಚು ಮೊದಲು ಹೋಗುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಶೀಟು ಹಪ್ಪಳದ ಹಾಗೆ ಆಗಿರುತ್ತದೆ.

ಹಾಗಾಗಿ ಮೊದಲು ಬಾಗಿಲ ಒಳಬದಿಗೆ ಹೊದಿಸಿದ ಪ್ಯಾಡ್ ಬಿಚ್ಚಿ, ಟಾರ್ಚ್ ಹಾಕಿ ನೋಡಬೇಕು. ಹೊರಗೆ ಮ್ಯಾಗ್ನೆಟ್ ಓಡಿಸಬೇಕು. ಅದು ಹಿಡಿಯದ ಕಡೆ ಹಿಂದೆ ಯಾರೋ ದಪ್ಪಗೆ ಪುಟ್ಟಿ ತುಂಬಿದ್ದಾರೆ ಅಂತಲೇ ಲೆಕ್ಕ.

ಗಟ್ಟಿ ಶೀಟು ಸಿಗುವವರೆಗೆ ಕತ್ತರಿಸಿ. ಓನರ್ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಬೇಡಿ. ಪ್ಯಾಚಿಗೆ ನಾನು ಬಳಸುವುದು 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು, ಸುಮಾರು 0.9 ಮಿ.ಮೀ. ದಪ್ಪ. ಪ್ಯಾಚನ್ನು ಹಳೆ ಶೀಟಿನ ಮೇಲೆ ಹೊದಿಸಬೇಡಿ, ಎರಡರ ನಡುವೆ ಮತ್ತೆ ನೀರು ಕೂರುತ್ತದೆ. ಅಂಚಿಗೆ ಅಂಚು ಕೂರಿಸಿ. ಮಿಗ್ ವೆಲ್ಡಿಂಗ್‌ನಲ್ಲಿ (ಗನ್ನಿನಿಂದ ತಂತಿ ತಾನಾಗಿ ಬರುವ ವೆಲ್ಡಿಂಗ್) ಒಂದೇ ಸಮ ಉದ್ದಕ್ಕೆ ಎಳೆದರೆ ತೆಳು ಶೀಟು ಬಿಸಿಗೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು ಬಿಡಿ. ಕೈ ಇಡುವಷ್ಟು ಆರಿದ ಮೇಲೇ ಮುಂದಿನದು. ಹುಡುಗರಿಗೆ ಈ ಕಾಯುವ ಕೆಲಸವೇ ಕಷ್ಟ, ಅಲ್ವಾ?

ಬಾಗಿಲ ಕೆಳಗಿನ ಸಿಲ್, ಅಂದರೆ ಬಾಡಿಯ ಉದ್ದ ಪಟ್ಟಿ, ತುಕ್ಕು ಹಿಡಿದು ಹೋಗಿದ್ದರೆ ಇನ್ನೂ ಹುಷಾರಾಗಿರಬೇಕು. ಅಂಬಾಸಿಡರ್, ಪದ್ಮಿನಿ ಎರಡಕ್ಕೂ ಲಾರಿಯಂತೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸರಿಯಾಗಿ ಸಪೋರ್ಟ್ ಕೊಡದೆ ಸಿಲ್ ಕತ್ತರಿಸಿದರೆ ಬಾಡಿ ಬಗ್ಗಿ, ಆಮೇಲೆ ಬಾಗಿಲೇ ಮುಚ್ಚುವುದಿಲ್ಲ.

ಉಜ್ಜಿದ ಶೀಟಿಗೆ ಅವತ್ತೇ ಎಪಾಕ್ಸಿ ಪ್ರೈಮರ್ (ಪೇಂಟಿಗೂ ಮೊದಲು ಹೊಡೆಯುವ, ತುಕ್ಕು ತಡೆಯುವ ಕೋಟು) ಹೊಡೆಯಿರಿ. ಇಲ್ಲದಿದ್ದರೆ ನಮ್ಮ ಕರಾವಳಿ ಗಾಳಿಗೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು ಬಂದಿರುತ್ತದೆ. ಪೇಂಟ್ ಪೂರ್ತಿ ಒಣಗಿದ ಮೇಲೆ ಬಾಗಿಲೊಳಗೆ ವ್ಯಾಕ್ಸ್ ಸ್ಪ್ರೇ ಮಾಡುತ್ತೇವೆ. ಆಮೇಲೆ ಗ್ಲಾಸಿನ ಸಂದಿಯಲ್ಲಿ ಒಂದು ಮಗ್ ನೀರು ಸುರಿಯುತ್ತೇವೆ. ತಳದ ತೂತಿನಿಂದ ಸರಾಗ ಬರದಿದ್ದರೆ ತಂತಿ ಹಾಕಿ ಬಿಡಿಸಿ, ಓನರನ್ನು ಕರೆದು ಆ ತೂತು ಎಲ್ಲಿದೆ ಅಂತ ತೋರಿಸಿಯೇ ಕೀ ಕೊಡುವುದು.