ಮೆಕ್ಯಾನಿಕ್ಸ್ ರಿವಿಷನ್: ಸೂತ್ರಕ್ಕಿಂತ ಮೊದಲು ಬಾಣ

ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳ ಬೇಡಿಕೆ ಒಂದೇ: "ಮೇಡಂ, ಎಲ್ಲ ಫಾರ್ಮುಲಾನೂ ಒಂದೇ ಪೇಜಲ್ಲಿ ಬರೆಸಿಬಿಡಿ." ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಬರೆಸುತ್ತೇನೆ, ಇಲ್ಲವೆನ್ನುವುದಿಲ್ಲ. ಆದರೆ ರಿವಿಷನ್ ಮುಗಿಯುವ ಹೊತ್ತಿಗೆ, ಶುರುವಿನಲ್ಲಲ್ಲ. ಯಾಕೆಂದರೆ ಉತ್ತರ ಪತ್ರಿಕೆ ತಿದ್ದುವಾಗ ಅಂಕ ಹೋಗುವುದು ಸೂತ್ರ ಮರೆತದ್ದಕ್ಕೆ ತೀರ ಕಡಿಮೆ. 'ವಿ ಈಕ್ವಲ್ಸ್ ಯು ಪ್ಲಸ್ ಎಟಿ' ಎಂಬ ವೇಗದ ಸೂತ್ರವನ್ನು ನಿದ್ದೆಯಲ್ಲೂ ಹೇಳುವ ಹುಡುಗನೇ, ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಇರುವಾಗ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಸೊನ್ನೆ ಎಂದು ಬರೆದಿರುತ್ತಾನೆ. ಅಲ್ಲಿ ಸೊನ್ನೆ ಆಗುವುದು ವೇಗ ಮಾತ್ರ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ 9.8 ಮೀ/ಸೆ². ಅದೂ ಸೊನ್ನೆಯಾಗಿದ್ದರೆ ಚೆಂಡು ಮೇಲೆಯೇ ನಿಂತುಬಿಡಬೇಕಿತ್ತು, ಅಲ್ಲವೇ?

ಹಾಗಾಗಿ ನನ್ನ ಮೊದಲ ರಿವಿಷನ್ ತರಗತಿಯಲ್ಲಿ ಲೆಕ್ಕವೇ ಇರುವುದಿಲ್ಲ. ಬರೀ ಬಾಣಗಳು. ಒಂದು ವಸ್ತುವನ್ನು ಚುಕ್ಕೆಯಾಗಿ ಬರೆಯಿರಿ, ಅದರ ಮೇಲಿರುವ ಬಲಗಳನ್ನೆಲ್ಲ ಬಾಣವಾಗಿ ಎಳೆಯಿರಿ. ನಿಯಮ ಒಂದೇ: ಪ್ರತಿ ಬಾಣದ ಪಕ್ಕದಲ್ಲೂ ಯಾರು ಯಾರ ಮೇಲೆ ಹಾಕುವ ಬಲ ಅದು ಎಂದು ಬರೆಯಬೇಕು. 'ಭೂಮಿ ಚೆಂಡಿನ ಮೇಲೆ', 'ಹಗ್ಗ ಪೆಟ್ಟಿಗೆಯ ಮೇಲೆ', 'ನೆಲ ಚಕ್ರದ ಮೇಲೆ'. ಎರಡು ಹೆಸರು ಸಿಗದಿದ್ದರೆ ಆ ಬಾಣ ಹೊಡೆದುಹಾಕಿ.

ಇಷ್ಟಕ್ಕೇ ಅರ್ಧ ತರಗತಿ ಹೋಗುತ್ತದೆ, ಹೋಗಲಿ. ಎಸೆದ ಚೆಂಡು ಕೈಬಿಟ್ಟು ಮೇಲೇರುತ್ತಿದೆ, ಗಾಳಿಯ ತಡೆ ಬಿಡೋಣ, ಬಲಗಳನ್ನು ತೋರಿಸಿ ಎಂದರೆ ಬಹುಪಾಲು ಮಕ್ಕಳು ಮೇಲ್ಮುಖವಾಗಿ ಒಂದು ಬಾಣ ಎಳೆದೇ ಎಳೆಯುತ್ತಾರೆ. ಯಾರ ಬಲ? 'ಕೈಯದು.' ಕೈ ಈಗ ಚೆಂಡನ್ನು ಮುಟ್ಟುತ್ತಿದೆಯೇ? ಮೌನ. ಆಮೇಲೆ ಜಾಣರೊಬ್ಬರು, 'ಕೈ ಕೊಟ್ಟ ಬಲ ಚೆಂಡಿನೊಳಗೆ ಉಳಿದಿದೆ' ಎನ್ನುತ್ತಾರೆ. ಇದಕ್ಕೆ ನಾನು ಬೈಯುವುದಿಲ್ಲ. 14ನೇ ಶತಮಾನದಲ್ಲಿ ಪ್ಯಾರಿಸ್‌ನ ವಿದ್ವಾಂಸ ಜಾನ್ ಬುರಿಡಾನ್ ಹೆಚ್ಚುಕಡಿಮೆ ಇದನ್ನೇ ಹೇಳಿ, ಅದನ್ನು 'ಇಂಪೆಟಸ್' ಎಂದು ಕರೆದಿದ್ದ. 1687ರಲ್ಲಿ ನ್ಯೂಟನ್ ಚಲನೆಯ ನಿಯಮಗಳನ್ನು ಪ್ರಕಟಿಸುವ ಹೊತ್ತಿಗೆ ದೊಡ್ಡ ದೊಡ್ಡ ತಲೆಗಳೆಲ್ಲ ಈ ಹಾದಿಯಲ್ಲಿ ಅಲೆದಾಡಿದ್ದವು. ಚೆಂಡಿನೊಳಗೆ ಉಳಿದಿರುವುದು ಸಂವೇಗ (ದ್ರವ್ಯರಾಶಿ ಗುಣಿಸು ವೇಗ), ಬಲವಲ್ಲ. ಬಲ ಒಂದೇ, ಭೂಮಿಯದು. ಅದು ಕೆಳಕ್ಕೆ ಎಳೆಯುತ್ತಿರುವುದರಿಂದಲೇ ಆ ಸಂವೇಗ ಕ್ಷಣಕ್ಷಣಕ್ಕೂ ಕರಗುತ್ತಿದೆ.

ಅಮೆರಿಕದ ಡೇವಿಡ್ ಹೆಸ್ಟೆನೆಸ್ ಮತ್ತು ಜೊತೆಗಾರರು 1992ರಲ್ಲಿ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಬಹುಆಯ್ಕೆಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಲೆಕ್ಕ ಮಾಡುವ ಕೆಲಸವೇ ಇಲ್ಲ. ತಪ್ಪು ಆಯ್ಕೆಗಳೆಲ್ಲ ನಮ್ಮ ಸಹಜ ತಪ್ಪು ನಂಬಿಕೆಗಳೇ. ಲೆಕ್ಕ ಚೆನ್ನಾಗಿ ಮಾಡುವ ಕಾಲೇಜು ವಿದ್ಯಾರ್ಥಿಗಳೂ ಅದರಲ್ಲಿ ಎಡವಿದ್ದಾರೆ. ಶಾಲೆಯ ಮಕ್ಕಳದ್ದೇನು ಮಹಾ!

ಬಾಣ ಸರಿಹೋದ ಮೇಲೆ ಚಿಹ್ನೆ. ಪ್ಲಸ್ಸು ಮೈನಸ್ಸು ಸಣ್ಣ ವಿಷಯ ಎಂದುಕೊಂಡವರು ಕಟ್ಟಡದ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. 14.7 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಕಲ್ಲೊಂದನ್ನು 9.8 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ? ಮಕ್ಕಳು ಇದನ್ನು ಎರಡು ತುಂಡು ಮಾಡುತ್ತಾರೆ: ಮೇಲೇರಿದ ಭಾಗ ಒಂದು, ಕೆಳಗಿಳಿದ ಭಾಗ ಇನ್ನೊಂದು. ತಪ್ಪಿಲ್ಲ, ಆದರೆ ಉದ್ದ. ಮೇಲ್ಮುಖ ಪ್ಲಸ್ ಎಂದು ಹಾಳೆಯ ಮೂಲೆಯಲ್ಲಿ ಮೊದಲೇ ಬರೆದುಕೊಂಡರೆ ಒಂದೇ ಸಾಲು ಸಾಕು. ಸ್ಥಾನಪಲ್ಲಟ (ಹೊರಟ ಜಾಗದಿಂದ ತಲುಪಿದ ಜಾಗಕ್ಕಿರುವ ನೇರ ದೂರ, ದಿಕ್ಕಿನ ಸಮೇತ) ಮೈನಸ್ 14.7, ಆರಂಭದ ವೇಗ ಪ್ಲಸ್ 9.8, ವೇಗೋತ್ಕರ್ಷ ಮೈನಸ್ 9.8. ಇವನ್ನು s = ut + ½at² ಸೂತ್ರಕ್ಕೆ (s ಸ್ಥಾನಪಲ್ಲಟ, u ಆರಂಭದ ವೇಗ, a ವೇಗೋತ್ಕರ್ಷ, t ಕಾಲ) ಹಾಕಿ ಬಿಡಿಸಿದರೆ ಕಾಲಕ್ಕೆ ಎರಡು ಬೆಲೆ ಬರುತ್ತವೆ, 3 ಮತ್ತು ಮೈನಸ್ 1. ಉತ್ತರ 3 ಸೆಕೆಂಡ್.

ಮೈನಸ್ 1ನ್ನು ಎಲ್ಲರೂ ಹೊಡೆದುಹಾಕುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ನನಗೆ ಮಾತ್ರ ಅದರ ಮೇಲೆ ಪ್ರೀತಿ. ಕಲ್ಲನ್ನು ಮಾಳಿಗೆಯಿಂದ ಎಸೆಯುವ ಬದಲು, 1 ಸೆಕೆಂಡ್ ಮೊದಲು ನೆಲದಿಂದಲೇ 19.6 ಮೀ/ಸೆ ವೇಗದಲ್ಲಿ ಎಸೆದಿದ್ದರೆ, ಸರಿಯಾಗಿ ಸೊನ್ನೆಯ ಹೊತ್ತಿಗೆ ಅದು ಕಟ್ಟಡದ ಅಂಚನ್ನು 9.8 ಮೀ/ಸೆ ವೇಗದಲ್ಲಿ ದಾಟುತ್ತಿತ್ತು. ಸಮೀಕರಣಕ್ಕೆ ಕಲ್ಲು ಎಲ್ಲಿಂದ ಹೊರಟಿತು ಎಂಬುದು ಗೊತ್ತಿಲ್ಲ, ಹಾರುವ ದಾರಿ ಮಾತ್ರ ಗೊತ್ತು. ಇದನ್ನು ಹೇಳಿದ ದಿನ ಕೊನೆಯ ಬೆಂಚಿನವರೂ ತಲೆಯೆತ್ತುತ್ತಾರೆ.

ನಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೇಗ-ಕಾಲ ನಕ್ಷೆಯ ಇಳಿಜಾರು ವೇಗೋತ್ಕರ್ಷ, ಅದರಡಿಯ ವಿಸ್ತೀರ್ಣ ಸ್ಥಾನಪಲ್ಲಟ. ಅಕ್ಷದ ಮೇಲೆ ಏನು ಬರೆದಿದೆ ಎಂದು ಓದದೆ ಪೆನ್ನು ಎತ್ತಬೇಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಕಿಮೀ/ಗಂಟೆಯನ್ನು ಮೀ/ಸೆಗೆ ತರಲು 5/18ರಿಂದ ಗುಣಿಸುವುದು ಕೈಗೆ ಕೂತಿರಬೇಕು, ಅಷ್ಟೆ.

ಕೆಲಸ ಮತ್ತು ಶಕ್ತಿಯ ಪಾಠಕ್ಕೆ ಬ್ರೇಕಿನ ಲೆಕ್ಕಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 36 ಕಿಮೀ/ಗಂಟೆ ಎಂದರೆ 10 ಮೀ/ಸೆ. ಬ್ರೇಕು 5 ಮೀ/ಸೆ² ದರದಲ್ಲಿ ವೇಗ ಇಳಿಸಿದರೆ ಕಾರು 10 ಮೀಟರ್‌ನಲ್ಲಿ ನಿಲ್ಲುತ್ತದೆ. ವೇಗ 72 ಕಿಮೀ/ಗಂಟೆ ಆದರೆ? ಲೆಕ್ಕ ಮಾಡುವ ಮೊದಲು ಊಹಿಸಲು ಹೇಳಿದರೆ ತರಗತಿ ಒಕ್ಕೊರಲಿನಿಂದ '20' ಎನ್ನುತ್ತದೆ. ಬರುವುದು 40. ವೇಗ ಎರಡುಪಟ್ಟಾದರೆ ಚಲನಶಕ್ತಿ ನಾಲ್ಕುಪಟ್ಟು, ಬ್ರೇಕಿನ ಬಲ ಮಾತ್ರ ಅಷ್ಟೇ ಇದೆ, ಹಾಗಾಗಿ ಅದು ನಾಲ್ಕುಪಟ್ಟು ದೂರ ದುಡಿಯಬೇಕು. ಮೊದಲು ಊಹಿಸಿ ಸೋತವರಿಗೆ ಈ ವರ್ಗದ (ಸ್ಕ್ವೇರ್) ಸಂಬಂಧ ಮತ್ತೆ ಮರೆಯುವುದಿಲ್ಲ. ಬೋರ್ಡಿನಿಂದ ನಕಲು ಮಾಡಿಕೊಂಡವರಿಗೆ ಮಾರನೆಯ ದಿನವೇ ಮರೆತಿರುತ್ತದೆ.

ತೂಕ (ಭೂಮಿ ಎಳೆಯುವ ಬಲ) ಮತ್ತು ದ್ರವ್ಯರಾಶಿಯ (ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ) ಗೊಂದಲಕ್ಕೂ ಊಹೆಯ ದಾರಿಯೇ. ಸುಮಾರು 400 ಕಿಮೀ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಗುರುತ್ವ ಎಷ್ಟಿರಬಹುದು? 'ಇಲ್ಲವೇ ಇಲ್ಲ' ಎನ್ನುತ್ತಾರೆ. ಇದೆ, ನೆಲದ ಮೇಲಿರುವುದರ ನೂರರಲ್ಲಿ ಸುಮಾರು 90 ಭಾಗ. ಗಗನಯಾತ್ರಿಗಳು ತೇಲುವುದು ನಿಲ್ದಾಣವೂ ಅವರೂ ಜೊತೆಜೊತೆಯಾಗಿ ಬೀಳುತ್ತಲೇ ಇರುವುದರಿಂದ.

ಪರೀಕ್ಷೆಗೆ ಮುಂಚಿನ ಕೊನೆಯ ತರಗತಿಯಲ್ಲಿ ಹೊಸ ಲೆಕ್ಕ ಕೊಡುವುದಿಲ್ಲ. ಬಿಡಿಸಿಟ್ಟ ಲೆಕ್ಕಗಳನ್ನೇ ಕೊಟ್ಟು, ಎಲ್ಲಿ ತಪ್ಪಿದೆ ಹುಡುಕಿ ಎನ್ನುತ್ತೇನೆ. 2 ಕೆಜಿ ಪೆಟ್ಟಿಗೆಯನ್ನು 10 ನ್ಯೂಟನ್ ಬಲದಿಂದ ಎಳೆದಿದೆ, ಘರ್ಷಣೆ 4 ನ್ಯೂಟನ್, ಉತ್ತರ 5 ಮೀ/ಸೆ² ಎಂದು ಬರೆದಿರುತ್ತೇನೆ. ಘರ್ಷಣೆ ಕಳೆದಿಲ್ಲ, 3 ಆಗಬೇಕು ಎಂದು ಥಟ್ಟನೆ ಹಿಡಿಯುತ್ತಾರೆ. ಇಂಥವು ಸುಲಭ. ಕಷ್ಟದ್ದು ಉತ್ತರ ಸರಿಯಿದ್ದು ಕಾರಣ ತಪ್ಪಿರುವ ಲೆಕ್ಕ.

ಮೇಜಿನ ಮೇಲೆ 1 ಕೆಜಿಯ ಪುಸ್ತಕ. ಭೂಮಿ ಅದನ್ನು 9.8 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ, ನ್ಯೂಟನ್ನನ ಮೂರನೇ ನಿಯಮದ (ಪ್ರತಿ ಬಲಕ್ಕೂ ಸಮನಾದ, ವಿರುದ್ಧ ದಿಕ್ಕಿನ ಜೋಡಿ ಬಲವಿದೆ) ಪ್ರಕಾರ ಮೇಜು 9.8 ನ್ಯೂಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಹೀಗೆ ಬರೆದು ಬಿಡುತ್ತೇನೆ. ತರಗತಿ ಪೂರ್ತಿ ಟಿಕ್ ಹಾಕುತ್ತದೆ. ಆಗ ಬಾಣದ ನಿಯಮ ನೆನಪಿಸುತ್ತೇನೆ. ಮೊದಲನೆಯದು ಭೂಮಿ ಪುಸ್ತಕದ ಮೇಲೆ. ಹಾಗಾದರೆ ಅದರ ಜೋಡಿ ಹೆಸರುಗಳನ್ನು ತಿರುಗಿಸಿದರೆ ಸಿಗಬೇಕು: ಪುಸ್ತಕ ಭೂಮಿಯ ಮೇಲೆ. ಮೇಜಿನ ಬಲ ಈ ಜೋಡಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಜೋಡಿ ಪುಸ್ತಕ ಮೇಜಿನ ಮೇಲೆ ಒತ್ತುವ ಬಲ. 'ಆದರೆ ಎರಡೂ 9.8 ಇದೆಯಲ್ಲ ಮೇಡಂ?' ಇದೆ. ಪುಸ್ತಕ ಸ್ಥಿರವಾಗಿರುವುದರಿಂದ, ಅಂದರೆ ವೇಗೋತ್ಕರ್ಷ ಸೊನ್ನೆ ಇರುವುದರಿಂದ. ಅದು ಮೊದಲೆರಡು ನಿಯಮಗಳ ಮಾತು: ವೇಗೋತ್ಕರ್ಷ ಇಲ್ಲದಿದ್ದರೆ ಒಟ್ಟು ಬಲ ಸೊನ್ನೆ.

ನಂಬದವರಿಗೆ ಅದೇ ಮೇಜನ್ನು ಲಿಫ್ಟಿನೊಳಗೆ ಇಡಿಸುತ್ತೇನೆ. ಲಿಫ್ಟು 2 ಮೀ/ಸೆ² ವೇಗೋತ್ಕರ್ಷದಿಂದ ಮೇಲಕ್ಕೆ ಹೊರಟಿದೆ. ಭೂಮಿ ಈಗಲೂ 9.8 ನ್ಯೂಟನ್ ಬಲದಿಂದಲೇ ಎಳೆಯುತ್ತದೆ, ಮೇಜು ಮಾತ್ರ 11.8 ನ್ಯೂಟನ್ ಬಲದಿಂದ ತಳ್ಳುತ್ತದೆ. ಪುಸ್ತಕ ಮೇಜನ್ನು ಒತ್ತುವುದೂ 11.8ರಿಂದಲೇ. ಮೂರನೇ ನಿಯಮ ಅಲುಗಿಲ್ಲ, ನಾವು ಜೋಡಿ ಅಂದುಕೊಂಡಿದ್ದವು ಬೇರೆಯಾಗಿವೆ. ಇಲ್ಲಿಗೆ ಬಂದಾಗ ಯಾರಾದರೂ, 'ಹಾಗಾದರೆ ಲಿಫ್ಟಿನ ಹಗ್ಗ ಕಡಿದುಹೋದರೆ?' ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳುವ ಕೆಲಸ ನನಗೆ ಬರುವುದಿಲ್ಲ. ಬಾಹ್ಯಾಕಾಶ ನಿಲ್ದಾಣದ ಪಾಠ ಕೇಳಿದವರು ಮೊದಲೇ ಕೂಗಿರುತ್ತಾರೆ.