ಹಂಚಿಕೊಳ್ಳುವ ಓದಿನ ಪಟ್ಟಿ: ಕೊನೆಗೂ ಸಿಕ್ಕ ಸೊನ್ನೆ

ಕೊನೆಗೂ ‘ಸಂಸ್ಕಾರ’ ಒಂದೇ ಸಾಲಿಗೆ ಬಂತು. ಗೆಳೆಯರೆಲ್ಲ ಸೇರಿ ಸ್ಪ್ರೆಡ್‌ಶೀಟಿನಲ್ಲಿ ಇಟ್ಟುಕೊಂಡ ನಮ್ಮ ಓದಿನ ಪಟ್ಟಿಯಲ್ಲಿ ಇಷ್ಟು ಕಾಲ ಆ ಕಾದಂಬರಿ ಎರಡು ಕಡೆ ಕೂತಿತ್ತು. ಎರಡು ಸಾಲನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿದರೆ ಒಂದಿಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಶೀಟ್ ಮಾತ್ರ ಇವೆರಡೂ ಬೇರೆ ಬೇರೆ ಪುಸ್ತಕ ಅಂತ ಹಟ ಹಿಡಿದಿತ್ತು. ಕಾರಣ ಸಿಕ್ಕ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಗೆಳೆಯರ ಜೊತೆ ಸೇರಿ ಕನ್ನಡದಲ್ಲಿ ಓದಿನ ಪಟ್ಟಿ ಇಟ್ಟುಕೊಂಡವರಿಗೆ ಇದು ಇವತ್ತಲ್ಲ ನಾಳೆ ಎದುರಾಗುವ ತೊಂದರೆ.

ಶೀಟ್ ತೆರೆಯುವುದು, ಎಲ್ಲರಿಗೂ ತಿದ್ದುವ ಅನುಮತಿ ಕೊಡುವುದು, ಕಾಲಮ್ಮುಗಳಿಗೆ ಬಣ್ಣ ಹಚ್ಚುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಡುತ್ತೇನೆ. ನಮ್ಮದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಪುಸ್ತಕದ ಹೆಸರು, ಬರೆದವರು, ಅನ್ನಿಸಿದ್ದು ಒಂದೆರಡು ಸಾಲು. ಇದೆಲ್ಲ ಹರಿದು ಬಂದು ಸೇರುವುದಕ್ಕೆ ಒಂದು ಒಟ್ಟು ಹಾಳೆ. ಒಂದೇ ಪುಸ್ತಕ ಓದಿದವರ ಮಾತುಗಳೆಲ್ಲ ಅಲ್ಲಿ ಒಟ್ಟಿಗೆ ಸಿಗಬೇಕು. ನನಗೆ ಬೇಕಿದ್ದದ್ದು ಈ ಒಟ್ಟು ಹಾಳೆಯೇ. ಯಾರು ಎಷ್ಟು ಓದಿದರು ಅನ್ನುವ ಲೆಕ್ಕ ನನಗೆ ಬೇಡ. ಒಂದು ಒಳ್ಳೆಯ ಕಾದಂಬರಿ ಮುಗಿಸಿ ಕೆಳಗಿಟ್ಟಾಗ, ಇದನ್ನು ಇನ್ಯಾರು ಓದಿದ್ದಾರೆ, ಆ ಕೊನೆ ಅವರಿಗೆ ಹೇಗನ್ನಿಸಿತು ಅಂತ ಕೇಳಬೇಕು ಅನ್ನಿಸುತ್ತದೆ ನೋಡಿ. ಆ ಹೊತ್ತಿಗೆ ಪಟ್ಟಿ ಕೆಲಸಕ್ಕೆ ಬರಬೇಕು.

ಸರಿಯಾಗಿ ಆ ಹೊತ್ತಿಗೇ ಅದು ಕೈಕೊಡುತ್ತಿತ್ತು. ಹುಡುಕಿದರೆ ಒಬ್ಬರ ಮಾತು ಸಿಗುತ್ತಿತ್ತು. ಅದೇ ಪುಸ್ತಕದ ಬಗ್ಗೆ ಇನ್ನೊಬ್ಬರು ಬರೆದ ಚೆಂದದ ನಾಲ್ಕು ಸಾಲು ಎಲ್ಲೋ ಕೆಳಗೆ ಒಂಟಿಯಾಗಿ ಉಳಿದಿರುತ್ತಿತ್ತು. ಇಬ್ಬರಿಗೂ ತಮ್ಮ ಹಾಗೆ ಇನ್ನೊಬ್ಬರು ಓದಿದ್ದಾರೆ ಅನ್ನುವುದೇ ಗೊತ್ತಿಲ್ಲ.

ಐಎಸ್‌ಬಿಎನ್, ಅಂದರೆ ಪುಸ್ತಕದ ಬಾರ್‌ಕೋಡ್ ಜೊತೆ ಇರುವ ಗುರುತಿನ ಸಂಖ್ಯೆ, ಹಾಕಿದರೆ ಮುಗಿಯಿತಲ್ವಾ ಅಂತ ನೀವು ಕೇಳಬಹುದು. ಮುಗಿಯುವುದಿಲ್ಲ. ಆ ಸಂಖ್ಯೆ ಸಿಗುವುದು ಆವೃತ್ತಿಗೆ, ಕೃತಿಗಲ್ಲ. ಪ್ರಕಾಶಕರು ಬದಲಾದರೆ ಸಂಖ್ಯೆ ಬದಲು. ಒಂದೇ ಪ್ರಕಾಶಕರ ಗಟ್ಟಿ ರಟ್ಟಿನ ಪ್ರತಿಗೊಂದು, ಸಾದಾ ಪ್ರತಿಗೊಂದು. 2007ಕ್ಕೆ ಮುಂಚೆ 10 ಅಂಕಿ, ಆಮೇಲೆ 13. ಹಳೆಯದಕ್ಕೆ ಮುಂದೆ 978 ಸೇರಿಸಿ ಸಂಖ್ಯೆ ಸರಿಯಿದೆಯಾ ಅಂತ ತಾಳೆ ನೋಡುವ ಕೊನೆಯ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕಿದರೆ ಹೊಸದಾಗುತ್ತದೆ, ಅದೇನೂ ಕಷ್ಟವಲ್ಲ. ಆದರೆ ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನದಂಡ ಆದದ್ದೇ 1970ರಲ್ಲಿ. ‘ಸಂಸ್ಕಾರ’ ಮೊದಲು ಪ್ರಕಟವಾದದ್ದು 1965ರಲ್ಲಿ. ಮನೆಯ ಕಪಾಟಿನಿಂದ ಹಳೇ ಪ್ರತಿ ತೆಗೆದು ಓದುವವರೇ ನಮ್ಮಲ್ಲಿ ಜಾಸ್ತಿ. ಅವರು ಯಾವ ಸಂಖ್ಯೆ ಹಾಕಬೇಕು? ಇನ್ನು ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಪುಸ್ತಕದ ಬಾರ್‌ಕೋಡ್ ಮೇಲೆಯೇ ತಮ್ಮ ಬೆಲೆಯ ಚೀಟಿ ಅಂಟಿಸುತ್ತಾರೆ. ಕಿತ್ತರೆ ರಕ್ಷಾಪುಟದ ಬಣ್ಣವೂ ಜೊತೆಗೇ ಬರುತ್ತದೆ. ಇ-ಪುಸ್ತಕ ಮಾರುವ ಕೆಲವರಂತೂ ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ತಮಗೆ ತೋಚಿದ ಹಾಗೆ ಹಾಕಿರುತ್ತಾರೆ. ಅಲ್ಲಿಂದ ನಕಲು ಮಾಡಿ ಪಟ್ಟಿಗೆ ತಂದರೆ ಇನ್ನೊಂದು ಹೊಸ ಸಾಲು ಹುಟ್ಟುತ್ತದೆ.

ಹಾಗಾಗಿ ಹೆಸರನ್ನೇ ಹೆಸರಿಗೆ ಹೋಲಿಸಬೇಕು. ಬೇರೆ ದಾರಿ ಇಲ್ಲ.

ಮೊದಲು ಬಗ್ಗಿದ್ದು ‘ಜುಗಾರಿ ಕ್ರಾಸ್’. ಅದು ಮೂರು ಸಾಲಾಗಿ ಒಡೆದಿತ್ತು. ಒಂದರಲ್ಲಿ ಕೊನೆಗೆ ಖಾಲಿ ಜಾಗ ಇತ್ತು, ಟ್ರಿಮ್ ಮಾಡಿದ ಕೂಡಲೇ ಹೋಯಿತು. ಉಳಿದ ಎರಡರಲ್ಲಿ ಏನೂ ಕಾಣಲಿಲ್ಲ. ಆಗ ಅಕ್ಷರ, ಗುಣಿತದ ಚಿಹ್ನೆ, ಹಲಂತ, ಖಾಲಿ ಜಾಗ ಎಲ್ಲವನ್ನೂ ಒಂದೊಂದಾಗಿ ಎಣಿಸಿ ಉದ್ದ ಹೇಳುವ ಲೆನ್ ಫಂಕ್ಷನ್ ಹಾಕಿದೆ. ಒಂದು 13 ಅಂದಿತು, ಇನ್ನೊಂದು 14. ಕೊನೆಯ ಸಕಾರದ ಹಲಂತ ಆದ ಮೇಲೆ ಒಂದು ಕಾಣದ ಗುರುತು ಕೂತಿತ್ತು. ಅಕ್ಷರಗಳು ಒಂದಕ್ಕೊಂದು ಅಂಟದಿರಲಿ ಅಂತ ಹಾಕುವ ಶೂನ್ಯ ಅಗಲದ ಗುರುತು, ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದರ ಸಂಖ್ಯೆ 8204. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟಕಾರದ ಕೆಳಗೆ ವಕಾರ ಒತ್ತಾಗದಂತೆ ತಡೆಯುವುದು ಇದೇ. ಅಲ್ಲಿ ಅದು ಬೇಕು. ಹೆಸರಿನ ತುದಿಯಲ್ಲಿ ಅದಕ್ಕೆ ಕೆಲಸವಿಲ್ಲ, ಆದರೆ ಕೆಲವು ಕೀಬೋರ್ಡುಗಳಿಂದ, ಹಳೇ ಫಾಂಟಿನಿಂದ ಬದಲಾಯಿಸಿದ ಪಠ್ಯದಿಂದ ಬಂದು ಸೇರಿಕೊಳ್ಳುತ್ತದೆ. ಟ್ರಿಮ್ ಇದನ್ನು ಮುಟ್ಟುವುದಿಲ್ಲ.

ಆಮೇಲೆ ‘ಕರ್ವಾಲೊ’. ಇದರಲ್ಲಿ ಒಂದೇ ಹೆಸರಿಗೆ ಎಲ್ಲ ಬಗೆಯ ಕಾಯಿಲೆ. ಕೆಲವರು ಕೊನೆಗೆ ಲೊ ಅಂತ ಬರೆದಿದ್ದರು, ಕೆಲವರು ಲೋ. ಒಬ್ಬರು ಅರ್ಕಾವತ್ತು ಬೇಡ ಅಂತ ‘ಕರ‍್ವಾಲೊ’ ಮಾಡಿದ್ದರು, ರಕಾರ ಪೂರ್ತಿ, ವಕಾರ ಕೆಳಗೆ. ಅದಕ್ಕೆ ಬೇಕಾಗುವುದು 8204ರ ಪಕ್ಕದ 8205. ಇವೆಲ್ಲ ಕಣ್ಣಿಗೆ ಕಾಣುವ ವ್ಯತ್ಯಾಸ, ಒಪ್ಪುತ್ತೇನೆ. ಕಾಣದೇ ಇದ್ದದ್ದು ಇನ್ನೊಂದಿತ್ತು. ಯೂನಿಕೋಡಿನಲ್ಲಿ ಒಕಾರದ ಚಿಹ್ನೆಯನ್ನು ಎರಡು ರೀತಿ ಬರೆಯಬಹುದು. ‘ೊ’ ಅಂತ ಒಂದೇ ಚಿಹ್ನೆ, ಸಂಖ್ಯೆ 3274. ಇಲ್ಲವೇ ಎಕಾರದ ಚಿಹ್ನೆ 3270, ಅದಾದ ಕೂಡಲೇ ಊಕಾರದ ಚಿಹ್ನೆ 3266. ಪರದೆಯ ಮೇಲೆ ಎರಡೂ ಒಂದೇ ಲೊ. ಮೊದಲ ರೀತಿಯಲ್ಲಿ ಹೆಸರಿನ ಉದ್ದ 7, ಎರಡನೆಯದರಲ್ಲಿ 8.

ಇದಕ್ಕೆ ಮದ್ದು ಯೂನಿಕೋಡಿನಲ್ಲೇ ಇದೆ. ನಾರ್ಮಲೈಸೇಶನ್ ಅನ್ನುತ್ತಾರೆ. ಅದರಲ್ಲಿ ನಾಲ್ಕು ಬಗೆ, ನಮಗೆ ಬೇಕಾದದ್ದು ಎನ್‌ಎಫ್‌ಸಿ, ಬಿಡಿಬಿಡಿಯಾಗಿ ಬಂದದ್ದನ್ನು ಒಟ್ಟುಗೂಡಿಸುವುದು. ಹೆಸರುಗಳನ್ನು ಹೋಲಿಸಲು ನಾನು ಬರೆದ ಪುಟ್ಟ ಪ್ರೋಗ್ರಾಮ್, ಅಂದರೆ ಸ್ಕ್ರಿಪ್ಟ್, ಇರುವುದು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ. ಅದರಲ್ಲಿ ಪಠ್ಯದ ಮೇಲೆ ನಾರ್ಮಲೈಸ್ ಕರೆದರೆ ಸಾಕು, ಬೇರೇನೂ ಹೇಳದಿದ್ದರೆ ಅದು ಎನ್‌ಎಫ್‌ಸಿಯನ್ನೇ ಮಾಡುತ್ತದೆ. ಒಂದು ಸಾಲಿನ ಕೆಲಸ. ದೀರ್ಘದ ಈ, ಏ, ಓ ಚಿಹ್ನೆಗಳಿಗೂ ಐಕಾರದ ಚಿಹ್ನೆಗೂ ಇದೇ ಕಥೆ ಇದೆ, ಅವೂ ಒಟ್ಟಿಗೆ ಸರಿಯಾದವು. ಅವತ್ತು ಒಟ್ಟು ಹಾಳೆ ಎಷ್ಟು ಚಿಕ್ಕದಾಯಿತು ಅಂದರೆ ಎಲ್ಲಾ ಮುಗಿದೇ ಹೋಯಿತು ಅನ್ನುವಷ್ಟು ಸಂತೋಷ ಆಗಿತ್ತು.

‘ಸಂಸ್ಕಾರ’ ಮಾತ್ರ ಅಲ್ಲಾಡಲಿಲ್ಲ. ಟ್ರಿಮ್ ಆಯಿತು, ಎನ್‌ಎಫ್‌ಸಿ ಆಯಿತು, 8204 ಮತ್ತು 8205 ಎರಡನ್ನೂ ತೆಗೆದಾಯಿತು. ಉದ್ದ ಅಳೆದರೆ ಎರಡೂ 7. ಫಾಂಟ್ ಬದಲಾಯಿಸಿದೆ, ಅಕ್ಷರ ದೊಡ್ಡದು ಮಾಡಿದೆ, ಏನೂ ಇಲ್ಲ. ಉದ್ದ ಬೇರೆ ಬಂದಿದ್ದರೆ ಏನೋ ಒಳಗೆ ಅಡಗಿದೆ ಅಂತ ಗೊತ್ತಾಗುತ್ತದೆ. ಉದ್ದವೂ ಒಂದೇ, ರೂಪವೂ ಒಂದೇ, ಆದರೂ ಸಮ ಅಲ್ಲ ಅಂದರೆ ತಲೆ ಕೆಡುತ್ತದೆ.

ಸುಳಿವು ಸಿಕ್ಕಿದ್ದು ಅಕಾರಾದಿ ಜೋಡಣೆಯಲ್ಲಿ. ನನ್ನ ಸ್ಕ್ರಿಪ್ಟ್ ಹೆಸರುಗಳನ್ನು ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ಒಂದು ‘ಸಂಸ್ಕಾರ’ ಸಕಾರದ ಪುಸ್ತಕಗಳ ಮೊದಲಲ್ಲಿ ಕೂತಿತ್ತು, ಅದರ ಜಾಗ ಅದೇ. ಇನ್ನೊಂದು ಸಕಾರದ ಎಲ್ಲಾ ಪುಸ್ತಕಗಳೂ ಮುಗಿದ ಮೇಲೆ, ‘ಸೌ’ ಮತ್ತು ‘ಸ್ವ’ ಎರಡನ್ನೂ ದಾಟಿ, ತೀರಾ ಕೊನೆಯಲ್ಲಿತ್ತು. ಅಂದಮೇಲೆ ಮೊದಲ ಸಕಾರ ಸರಿಯಿದೆ, ಎರಡನೆಯ ಚಿಹ್ನೆಯಲ್ಲೇ ಏನೋ ಇದೆ. ಆ ಒಂದು ಚಿಹ್ನೆಯನ್ನು ಮಾತ್ರ ಕತ್ತರಿಸಿ ತೆಗೆದು, ಸಂಖ್ಯೆ ಹೇಳುವ ಫಂಕ್ಷನ್ನಿಗೆ ಕೊಟ್ಟೆ. ಒಂದು ಸಾಲಿನಲ್ಲಿ 3202. ಇನ್ನೊಂದರಲ್ಲಿ 3302.

3202 ಅನುಸ್ವಾರ. 3302 ಕನ್ನಡದ ಅಂಕಿ ಸೊನ್ನೆ!

ಮೊದಲನೆಯದು ‘ಸಂಸ್ಕಾರ’. ಎರಡನೆಯದು ‘ಸ೦ಸ್ಕಾರ’. ಇಲ್ಲಿಂದಲೇ ನಕಲು ಮಾಡಿ ಪರೀಕ್ಷಿಸಿ ನೋಡಿ. ಚಿಕ್ಕವರಿದ್ದಾಗ ನಾವೆಲ್ಲ ಅನುಸ್ವಾರವನ್ನು ಸೊನ್ನೆ ಅಂತಲೇ ಹೇಳಿ ಕಲಿತವರು. ಕೀಬೋರ್ಡಿನಲ್ಲಿ ದುಂಡಗಿನ ಚಿಹ್ನೆ ಕಂಡರೆ ಒತ್ತುವುದು ಸಹಜ. ಮುದ್ರಿತ ಪುಟವನ್ನು ಓದಿ ಪಠ್ಯ ಮಾಡಿಕೊಡುವ ತಂತ್ರಾಂಶಕ್ಕೂ ಇವೆರಡರಲ್ಲಿ ಗೊಂದಲ ಆಗುತ್ತದೆ. ಎನ್‌ಎಫ್‌ಸಿ ಇದನ್ನು ಸರಿ ಮಾಡುವುದಿಲ್ಲ, ಮಾಡಬಾರದು ಕೂಡ. ಅದರ ಲೆಕ್ಕದಲ್ಲಿ ಒಂದು ಅಕ್ಷರದ ಗುರುತು, ಇನ್ನೊಂದು ಅಂಕಿ.

ಪರಿಹಾರಕ್ಕೆ ಸಣ್ಣ ನಿಯಮ ಸಾಕಾಯಿತು. ‘೦’ ಬಂದರೆ ಅದಕ್ಕಿಂತ ಮೊದಲು ಏನಿದೆ ನೋಡುವುದು. ಕನ್ನಡದ ಅಕ್ಷರವೋ ಸ್ವರದ ಚಿಹ್ನೆಯೋ ಇದ್ದರೆ ಅದು ಅನುಸ್ವಾರ, ಬದಲಾಯಿಸು. ಅಂಕಿ ಇದ್ದರೆ ಮುಟ್ಟಬೇಡ. ಹೆಸರಿನಲ್ಲಿ ‘೧೦೦’ ಅಂತ ಕನ್ನಡ ಅಂಕಿಯೇ ಬಂದರೆ ಅದು ಹಾಗೇ ಉಳಿಯುತ್ತದೆ. ಓಡಿಸಿದ ತಕ್ಷಣ ‘ಸಂಸ್ಕಾರ’ದ ಎರಡೂ ಸಾಲು ಕೂಡಿಕೊಂಡವು. ಅದರ ಜೊತೆಗೆ, ಹೆಸರಿನಲ್ಲಿ ಅನುಸ್ವಾರ ಇರುವ ಎಷ್ಟೋ ಪುಸ್ತಕಗಳು ತಾವಾಗಿಯೇ ಒಂದಾದವು.

ಒಂದು ಎಚ್ಚರಿಕೆ. ಈ ಶುದ್ಧಿಯನ್ನೆಲ್ಲ ಮರೆಯಲ್ಲಿಟ್ಟ ಒಂದು ಕಾಲಮ್ಮಿನಲ್ಲಿ ಮಾಡಿ, ಹೋಲಿಕೆಗೆ ಅದನ್ನೇ ಬಳಸಿ. ಎದುರಿಗೆ ಕಾಣುವ ಹೆಸರನ್ನು ಬರೆದವರು ಬರೆದ ಹಾಗೇ ಬಿಡಿ. ಒಬ್ಬರು ‘ಕರ‍್ವಾಲೊ’ ಅಂತ ಬರೆದರೆ ಅದು ಅವರ ಬರವಣಿಗೆಯ ರೀತಿ, ಅದನ್ನು ತಿದ್ದುವ ಅಧಿಕಾರ ನನ್ನ ಸ್ಕ್ರಿಪ್ಟಿಗಿಲ್ಲ. ಕತೆ, ಕಥೆ, ಲೊ, ಲೋ ಇಂಥವನ್ನೂ ಯಂತ್ರಕ್ಕೆ ಬಿಟ್ಟಿಲ್ಲ. ಎಷ್ಟು ಚಿಹ್ನೆ ಬದಲಾಯಿಸಿದರೆ ಒಂದು ಹೆಸರು ಇನ್ನೊಂದಾಗುತ್ತದೆ ಅಂತ ಎಣಿಸುವ ಲೆವೆನ್‌ಶ್ಟೈನ್ ಅಂತರ ಇದೆಯಲ್ಲ, 1965ರದ್ದು, ಅದನ್ನು ಬಳಸಿ ಹತ್ತಿರದ ಜೋಡಿಗಳನ್ನು ಹುಡುಕಿ ತೋರಿಸುತ್ತದೆ, ಅಷ್ಟೇ. ಎರಡೂ ಒಂದೇನಾ ಅಂತ ನಿರ್ಧರಿಸುವುದು ನಾವು. ‘ಪರ್ವ’ದಂಥ ಪುಟ್ಟ ಹೆಸರಿನಲ್ಲಿ ಒಂದು ಅಕ್ಷರ ಬದಲಾದರೆ ಪುಸ್ತಕವೇ ಬೇರೆಯಾಗುತ್ತದೆ. ಯಂತ್ರಕ್ಕೆ ಬಿಟ್ಟರೆ ಸಂಬಂಧವಿಲ್ಲದ ಎರಡು ಪುಸ್ತಕಗಳಿಗೆ ಗಂಟು ಹಾಕಿಬಿಡುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಈಗ ಒಟ್ಟು ಹಾಳೆಯಲ್ಲಿ ‘ಜುಗಾರಿ ಕ್ರಾಸ್’ ಸಾಲು ನೋಡಬೇಕು ನೀವು. ಒಬ್ಬರು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ್ದಾರೆ. ಇನ್ನೊಬ್ಬರು ಮಗಳಿಗೆ ದಿನಕ್ಕಿಷ್ಟು ಅಂತ ಗಟ್ಟಿಯಾಗಿ ಓದಿ ಹೇಳಿದ್ದಾರೆ, ಅವಳು ಎಲ್ಲೆಲ್ಲಿ ತಡೆದು ಪ್ರಶ್ನೆ ಕೇಳಿದಳು ಅಂತಲೂ ಬರೆದಿದ್ದಾರೆ. ಮೂರನೆಯವರು ಅರ್ಧಕ್ಕೆ ಬಿಟ್ಟು, ವರ್ಷಗಳಾದ ಮೇಲೆ ಮೊದಲಿನಿಂದ ಶುರು ಮಾಡಿದವರು. ಮೂವರ ಮಾತೂ ಇಷ್ಟು ದಿನ ಮೂರು ಕಡೆ ಇತ್ತು. ಒಟ್ಟಿಗೆ ಬಂದ ದಿನವೇ ಮೂರನೆಯವರು ಎರಡನೆಯವರಿಗೆ ಫೋನ್ ಮಾಡಿ ಗಂಟೆಗಟ್ಟಲೆ ಮಾತಾಡಿದರಂತೆ. ನನಗೆ ಇದಕ್ಕಿಂತ ದೊಡ್ಡ ಸಂಭ್ರಮ ಇಲ್ಲ.

ಇದರಿಂದ ಕಾಲಮ್ಮುಗಳೂ ಬದಲಾದವು. ನಕ್ಷತ್ರ ಕೊಡುವ ಕಾಲಮ್ ತೆಗೆದುಹಾಕಿದ್ದೇವೆ. ನಾಲ್ಕು ನಕ್ಷತ್ರ ನೋಡಿ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಅದರ ಜಾಗಕ್ಕೆ ‘ಯಾರಿಗೆ ಕೊಡುತ್ತೀರಿ’ ಅಂತ ಹಾಕಿದ್ದೇವೆ. ಎಸ್.ಆರ್. ರಂಗನಾಥನ್ 1931ರಲ್ಲಿ ಹೇಳಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುವುದು. ಆ ಕಾಲಮ್ ಬಂದದ್ದು ಅಲ್ಲಿಂದಲೇ. ‘ಎಲ್ಲಿ ನಿಲ್ಲಿಸಿದಿರಿ’ ಅಂತ ಇನ್ನೊಂದಿದೆ. ಓದಿ ಮುಗಿಸದ ಪುಸ್ತಕದ ಬಗ್ಗೆ ಜನ ಎಷ್ಟು ಚೆನ್ನಾಗಿ ಬರೆಯುತ್ತಾರೆ ಗೊತ್ತಾ? ಎಲ್ಲಿ ಮನಸ್ಸು ಹಿಂದೆ ಸರಿಯಿತು ಅಂತ ಪುಟದ ಸಂಖ್ಯೆ ಸಮೇತ ಹೇಳುತ್ತಾರೆ.

ಮಾತು ಬಂತು ಅಂತ ಮುಂದಿನ ಯೋಜನೆ ಬಗ್ಗೆಯೂ ಹೇಳಿಬಿಡುತ್ತೇನೆ. ಒಂದೇ ಪ್ರತಿ ಎಲ್ಲರ ಕೈಗೂ ಹೋಗಬೇಕು, ಪ್ರತಿಯೊಬ್ಬರೂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು, ಮುಂದಿನವರು ಕಥೆಯ ಜೊತೆ ಅದನ್ನೂ ಓದಬೇಕು. ತೊಂದರೆ ಇರುವುದು ಪುಸ್ತಕದ ಬೆನ್ನಿನಲ್ಲಿ. ಬಿಸಿ ಅಂಟಿನಲ್ಲಿ ಕಟ್ಟಿದ ಸಾದಾ ಪ್ರತಿ ಹಳತಾದರೆ ಅಂಟು ಗಡುಸಾಗುತ್ತದೆ, ನಾಲ್ಕು ಕೈ ದಾಟುವಷ್ಟರಲ್ಲಿ ಹಾಳೆ ಉದುರುತ್ತದೆ. ಹಾಗಾಗಿ ಕಳಿಸುವ ಮೊದಲೇ ಹಳೇ ಅಂಟು ಕೆರೆದು ತೆಗೆದು, ಡಬಲ್ ಫ್ಯಾನ್ ರೀತಿಯಲ್ಲಿ ಹೊಸದಾಗಿ ಕಟ್ಟುವ ಯೋಚನೆ. ಹಾಳೆಗಳನ್ನು ಒಂದು ಕಡೆಗೆ ಬೀಸಣಿಗೆಯ ಹಾಗೆ ಬಾಗಿಸಿ ಪಿವಿಎ ಅನ್ನುವ ಬಿಳಿ ಅಂಟು ಹಚ್ಚುವುದು, ಆಮೇಲೆ ಇನ್ನೊಂದು ಕಡೆಗೆ ಬಾಗಿಸಿ ಮತ್ತೆ ಹಚ್ಚುವುದು. ಪ್ರತಿ ಹಾಳೆಯ ಎರಡೂ ಬದಿಯ ಅಂಚಿಗೆ ಕೂದಲೆಳೆಯಷ್ಟು ಅಂಟು ಹೋಗುತ್ತದೆ. ಒಣಗಿದ ಮೇಲೂ ಪಿವಿಎ ಬಾಗುತ್ತದೆ, ಪುಸ್ತಕ ಚೆನ್ನಾಗಿ ತೆರೆದುಕೊಳ್ಳುತ್ತದೆ. ಕಾಗದದ ನಾರಿನ ಎಳೆ ಬೆನ್ನಿಗೆ ಸಮಾನಾಂತರವಾಗಿ ಇರಬೇಕು, ಇಲ್ಲದಿದ್ದರೆ ಅಂಟಿನ ನೀರಿಗೆ ಪುಟ ಅಲೆ ಅಲೆಯಾಗುತ್ತದೆ. ಈ ಸಲ ತರಿಸಿದ ಅಂಟು ಎಷ್ಟು ತೆಳ್ಳಗಿತ್ತು ಅಂದರೆ ಬ್ರಷ್ಷಿನಿಂದ ತೊಟ್ಟಿಕ್ಕುತ್ತಿತ್ತು. ಕಳಿಸಿದವರು ಡಬ್ಬಿಯ ಮೇಲೆ ಮಾತ್ರ ‘ಗಟ್ಟಿ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಬೇರೆ ಕಡೆಯಿಂದ ತರಿಸುವ ತನಕ ಆ ಕೆಲಸ ನಿಂತಿದೆ.

ಅಷ್ಟರಲ್ಲಿ ಪಟ್ಟಿಯಲ್ಲಿ ಉಳಿದಿರುವುದು ಬರೆದವರ ಹೆಸರು. ಒಂದೇ ಹೆಸರಿನ ಪುಸ್ತಕ ಇಬ್ಬರು ಬರೆದಿರಬಹುದು, ಆದ್ದರಿಂದ ಹೋಲಿಕೆಗೆ ಲೇಖಕರೂ ಬೇಕೇ ಬೇಕು. ಇನಿಷಿಯಲ್ಲುಗಳ ಚುಕ್ಕಿ, ಖಾಲಿ ಜಾಗ ತೆಗೆಯುವುದು ಸುಲಭ. ಕಾವ್ಯನಾಮಕ್ಕೆ ಮಾತ್ರ ಯಾವ ನಿಯಮವೂ ಇಲ್ಲ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ ಅಂತ, ಅಂಬಿಕಾತನಯದತ್ತ ಅಂದರೆ ಬೇಂದ್ರೆ ಅಂತ, ಶ್ರೀನಿವಾಸ ಅಂದರೆ ಮಾಸ್ತಿ ಅಂತ ಒಬ್ಬೊಬ್ಬರನ್ನೇ ಕೈಯಾರೆ ಕೋಷ್ಟಕಕ್ಕೆ ಹಾಕಬೇಕು. ಅದರಲ್ಲೂ ಶ್ರೀನಿವಾಸ ಅನ್ನುವುದು ಎಷ್ಟೋ ಜನರ ನಿಜವಾದ ಹೆಸರು ಬೇರೆ. ಅದಕ್ಕೆ ಗೊಂದಲವಿಲ್ಲದ ಕಡೆಯಿಂದ, ತ್ರಿವೇಣಿ ಅಂದರೆ ಅನಸೂಯಾ ಶಂಕರ್ ಅನ್ನುವಲ್ಲಿಂದ ಶುರು ಮಾಡಿದ್ದೇನೆ. ಶ್ರೀನಿವಾಸರ ಸರದಿ ಕೊನೆಗೆ.